ಕ್ಲಾಸ್ ಎ, ಕ್ಲಾಸ್ ಬಿ, ಕ್ಲಾಸ್ ಸಿ: ಇಂಟರ್‌ನೆಟ್ ವಿಳಾಸಕ್ಕೂ ವರ್ಗ ಹಚ್ಚಿದ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಅದ, ಸಾವಕಾಶ ಓದ್ರಿ. ವಿಷಯ ಕೇಳಿದ ಕೂಡಲೆ "ಇದು ಇಂಜಿನಿಯರ್ ಮಂದಿದು, ನಮಗೇನು" ಅಂತ ಮುಂದ ಸರಿಸಬ್ಯಾಡ್ರಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನಾಗ ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬರಿಗೂ ಸಂಬಂಧಪಟ್ಟ ಮಾತಿದು.

ನಾನು ಕಚೇರಿಯಲ್ಲಿ ಫೈಲು ನೋಡುವ ಕ್ಲರ್ಕ್. ಯಾವ ಕಾಯ್ದೆ ಪುಸ್ತಕ ತೆಗೆದರೂ ಮೊದಲು ಹುಡುಕುವುದು "ವ್ಯಾಖ್ಯೆಗಳು" ಅನ್ನೋ ಕಲಂ. ಹೆಚ್ಚಿನ ಕಾಯ್ದೆಗಳಲ್ಲಿ ಅದು 2ನೇ ಕಲಂ ಇರ್ತದ. "ಕುಟುಂಬ" ಅಂದ್ರ ಯಾರು, "ಗೇಣಿದಾರ" ಅಂದ್ರ ಯಾರು, "ಸ್ಥಳೀಯ ವ್ಯಕ್ತಿ" ಅಂದ್ರ ಯಾರು ಅಂತ ಅಲ್ಲಿ ಬರೆದಿರ್ತಾರ. ಸೌಲಭ್ಯ ಯಾರಿಗೆ ಸಿಗಬೇಕು, ಯಾರು ಬಾಗಿಲ ಹೊರಗ ನಿಂದರಬೇಕು ಅನ್ನೋದು ಅರ್ಧ ಅಲ್ಲೇ ತೀರ್ಮಾನ ಆಗಿರ್ತದ. ನಮ್ಮ ಸಂವಿಧಾನದಲ್ಲೂ 366ನೇ ವಿಧಿ ವ್ಯಾಖ್ಯೆಗಳದು. ಪರಿಶಿಷ್ಟ ಜಾತಿ ಅಂದ್ರ ಯಾರು ಅಂತ ಅದರ 24ನೇ ಉಪವಿಧಿ ಹೇಳ್ತದ, 341ನೇ ವಿಧಿ ಆ ಪಟ್ಟಿ ಮಾಡುವ ದಾರಿ ಹೇಳ್ತದ.

ವರ್ಗದ ವ್ಯಾಖ್ಯೆ ಬದಲಾದರೆ ಬದುಕು ಹೆಂಗ ಬದಲಾಗ್ತದ ಅನ್ನೋದಕ್ಕೆ ನಮ್ಮ ಜಿಲ್ಲೆಯ ತಾಂಡಾಗಳನ್ನೇ ನೋಡ್ರಿ. ಹಳೆ ಮೈಸೂರು ಭಾಗದಲ್ಲಿ ಲಂಬಾಣಿ ಸಮುದಾಯ ಪರಿಶಿಷ್ಟ ಜಾತಿ ಪಟ್ಟಿಯಲ್ಲಿತ್ತು. ಗುಲ್ಬರ್ಗಾ ಜಿಲ್ಲೆಯ ಅದೇ ಜನ ಪಟ್ಟಿಯಲ್ಲಿ ಇರಲಿಲ್ಲ. 1976ರ ತಿದ್ದುಪಡಿ ಕಾಯ್ದೆ ಬಂದು ಪ್ರದೇಶದ ನಿರ್ಬಂಧ ಹೋದ ಮೇಲೆ ಸೇರಿದರು. ಇವತ್ತಿಗೂ ಆಳಂದದಿಂದ ಗಡಿ ದಾಟಿ ಅಕ್ಕಲಕೋಟಕ್ಕೆ ಹೋದರೆ ಅದೇ ಜನ ಮಹಾರಾಷ್ಟ್ರದ ಲೆಕ್ಕದಲ್ಲಿ ವಿಮುಕ್ತ ಜಾತಿ. ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಮನುಷ್ಯ ಅವನೇ, ಭಾಷೆ ಅದೇ, ಕಾಗದದ ಮೇಲಿನ ವರ್ಗ ಮಾತ್ರ ಬ್ಯಾರೆ.

ಇಂಟರ್‌ನೆಟ್‌ನಲ್ಲೂ ಇಂಥ ಕಾಗದ ಅದ. ಅಲ್ಲೂ ವರ್ಗ ಮಾಡಿದ್ದಾರ, ಅಲ್ಲೂ ವ್ಯಾಖ್ಯೆ ಬರೆದಿದ್ದಾರ. ಅದರ ಚರಿತ್ರೆ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ.

*ಮೊದಲು ಬಂದವರ ಕಾಲ*

ಇಂಟರ್‌ನೆಟ್‌ಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಅದಕ್ಕೆ ಐಪಿ ವಿಳಾಸ ಅಂತಾರ. ನಾವು ಹೆಚ್ಚಾಗಿ ನೋಡಿದ್ದು ನಾಲ್ಕು ಅಂಕಿ, ನಡುವೆ ಚುಕ್ಕಿ ಇರುವ ಹಳೆ ನಮೂನೆ, ಐಪಿವಿ4. ಈ ನಮೂನೆಯಲ್ಲಿ ಒಟ್ಟು ವಿಳಾಸ 429 ಕೋಟಿ 49 ಲಕ್ಷದಷ್ಟು. ಅದಕ್ಕಿಂತ ಒಂದೂ ಹೆಚ್ಚು ಮಾಡಾಕ ಬರಲ್ಲ. ಹೊಲ ಇದ್ದಂಗ, ಸರ್ವೆ ನಂಬರ್ ತುಂಡು ಮಾಡಬಹುದು, ಭೂಮಿ ಬೆಳೆಸಾಕ ಬರಲ್ಲ.

1981ರ ಸೆಪ್ಟೆಂಬರ್‌ನಲ್ಲಿ ಈ ನಿಯಮ ಬರೆದಾಗ ವಿಳಾಸಗಳನ್ನು ವರ್ಗಗಳಾಗಿ ಒಡೆದರು. ಕ್ಲಾಸ್ ಎ ಜಾಲ ಸಿಕ್ಕವರಿಗೆ ಒಂದೇ ಸಲಕ್ಕೆ 1 ಕೋಟಿ 67 ಲಕ್ಷ ವಿಳಾಸ. ಇಂಥ ಜಾಲ ಬರೇ 126. ಕ್ಲಾಸ್ ಬಿ ಅಂದ್ರ 65,536 ವಿಳಾಸ. ಇಂಥವು 16 ಸಾವಿರ ಚಿಲ್ಲರೆ. ಕ್ಲಾಸ್ ಸಿ ಅಂದ್ರ 256 ವಿಳಾಸ. ಇಂಥವು 20 ಲಕ್ಷ 97 ಸಾವಿರ. ಇಲ್ಲೊಂದು ಲೆಕ್ಕ ಗಮನಿಸ್ರಿ: ಒಟ್ಟು ವಿಳಾಸದ ಅರ್ಧ ಭಾಗ ಕ್ಲಾಸ್ ಎಗೆ ಮೀಸಲು. ಅಂದ್ರ 126 ಮಂದಿಗೆ ಅರ್ಧ ಊರು. ಕ್ಲಾಸ್ ಸಿಯ 20 ಲಕ್ಷ ಜಾಲಗಳಿಗೆ ಎಂಟನೇ ಒಂದು ಭಾಗ. "ಮುಂದೆ ಬೇಕಾಗಬಹುದು" ಅಂತ ಕ್ಲಾಸ್ ಇ ಹೆಸರಲ್ಲಿ ಹದಿನಾರನೇ ಒಂದು ಭಾಗ, ಸುಮಾರು 26 ಕೋಟಿ 84 ಲಕ್ಷ ವಿಳಾಸ, ಬೀಳು ಬಿಟ್ಟರು. ಇವತ್ತಿಗೂ ಅದು ಸಾರ್ವಜನಿಕ ಬಳಕೆಗೆ ಬಂದಿಲ್ಲ.

ಕ್ಲಾಸ್ ಎ ಯಾರಿಗೆ ಹೋಯ್ತು? ಅಮೆರಿಕದ ರಕ್ಷಣಾ ಇಲಾಖೆಗೆ ಅಂಥ ಹತ್ತಕ್ಕೂ ಹೆಚ್ಚು ತುಂಡು. ಎಂಐಟಿ ಅನ್ನೋ ಒಂದು ವಿಶ್ವವಿದ್ಯಾಲಯಕ್ಕೆ ಒಂದು, ಸಂಖ್ಯೆ 18. ಆಪಲ್ ಕಂಪನಿಗೆ 17. ಫೋರ್ಡ್ ಕಾರು ಕಂಪನಿಗೆ 19. ಪ್ರುಡೆನ್ಶಿಯಲ್ ಇನ್ಶೂರೆನ್ಸ್ ಕಂಪನಿಗೆ 48. ಬ್ರಿಟನ್ನಿನ ಪಿಂಚಣಿ ನೋಡುವ ಇಲಾಖೆಗೆ 51. ಅಮೆರಿಕದ ಅಂಚೆ ಇಲಾಖೆಗೆ 56. ಆ ದಿನಗಳಲ್ಲಿ ವಿಳಾಸದ ಪಟ್ಟಿ ಇಟ್ಟುಕೊಂಡಿದ್ದವರು ಜಾನ್ ಪೋಸ್ಟೆಲ್ ಅನ್ನೋ ವಿಜ್ಞಾನಿ. ಕೇಳಿದವರಿಗೆ ಬರೆದುಕೊಟ್ಟರು. ಕರಾರುಪತ್ರ ಇಲ್ಲ, ವಾರ್ಷಿಕ ಫೀಸು ಇಲ್ಲ.

ಅವರು ಯಾರನ್ನೋ ಹೊರಗಿಡಬೇಕು ಅಂತ ಹಿಂಗ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಆಗ ಕೇಳುವವರೇ ಕಮ್ಮಿ ಇದ್ದರು, ಜಾಗ ಬೇಕಾದಷ್ಟಿತ್ತು. ಆದ್ರ ನಿಜಾಮರ ಕಾಲದ ನಮ್ಮ ಭಾಗದ ಜಮೀನಿನ ಚರಿತ್ರೆ ಓದಿದವರಿಗೆ ಇದು ಗುರುತು ಸಿಗ್ತದ. ದಿವಾನಿ, ಸರ್ಫೆಖಾಸ್, ಪಾಯಿಗಾ, ಜಾಗೀರು ಅಂತ ಅಲ್ಲೂ ವರ್ಗ ಇದ್ದವು. ಪಾಯಿಗಾದವರ, ಜಾಗೀರದಾರರ ಹಕ್ಕು ದರಬಾರಿನಲ್ಲಿ ನಿಂತು ಪಡೆದದ್ದು. ಹೊಲದಲ್ಲಿ ನಿಂತು ದುಡಿದವನಿಗೆ ಕಾಗದದಲ್ಲಿ ಹೆಸರೇ ಇಲ್ಲ. 1949ರಲ್ಲಿ ಜಾಗೀರು ರದ್ದಾದವು. ಇಂಟರ್‌ನೆಟ್‌ನ ಜಾಗೀರು ಯಾರೂ ರದ್ದು ಮಾಡಲಿಲ್ಲ. ಹೆಸರು ಮಾತ್ರ ಬದಲಾಯ್ತು, ಮುಂದೆ ಹೇಳ್ತೀನಿ.

*ಭಾರತಕ್ಕೆ ಬಂದದ್ದು ಯಾವ ವರ್ಗ*

ಭಾರತದಲ್ಲಿ ಇದು 1986ರಲ್ಲಿ ಅರ್ನೆಟ್ ಯೋಜನೆಯಿಂದ ಶುರುವಾಯ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ಎನ್‌ಸಿಎಸ್‌ಟಿ, ಐದು ಐಐಟಿಗಳು ಅದರಲ್ಲಿದ್ದವು. ವಿಜ್ಞಾನ ಸಂಸ್ಥೆಯ ಯಂತ್ರಗಳ ವಿಳಾಸ 144.16ರಿಂದ ಶುರುವಾಗ್ತದ. ಅದು ಕ್ಲಾಸ್ ಬಿ. ಕರ್ನಾಟಕದ ನೆಲಕ್ಕೆ ಇಂಟರ್‌ನೆಟ್ ವಿಳಾಸ ಕಾಲಿಟ್ಟದ್ದು ಹಂಗ, ಬೆಂಗಳೂರಿನ ಒಂದು ಕ್ಯಾಂಪಸ್‌ಗೆ.

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ಅದರ ವಿಳಾಸ 202.54 ಅಂತ ಶುರು, ಅಂದ್ರ ಕ್ಲಾಸ್ ಸಿ ಸಾಲಿನದು. ಗ್ರಾಹಕರಲ್ಲೂ ಎರಡು ಬಗೆ ಮಾಡಿದರು. ಅಗ್ಗದ "ಶೆಲ್" ಖಾತೆ ತಗೊಂಡವನಿಗೆ ಬರೇ ಅಕ್ಷರ ಕಾಣ್ತಿತ್ತು, ಅವನ ಕಂಪ್ಯೂಟರಿಗೆ ಸ್ವಂತ ವಿಳಾಸ ಇರಲಿಲ್ಲ. ದುಬಾರಿ "ಟಿಸಿಪಿ ಐಪಿ" ಖಾತೆ ತಗೊಂಡವನಿಗೆ ಚಿತ್ರವೂ ಕಾಣ್ತಿತ್ತು, ಸಂಪರ್ಕದಲ್ಲಿ ಇರುವಷ್ಟು ಹೊತ್ತು ಸ್ವಂತ ವಿಳಾಸವೂ ಇರ್ತಿತ್ತು. ಅಂದ್ರ ಸ್ವಂತ ವಿಳಾಸಕ್ಕೂ ರೊಕ್ಕಕ್ಕೂ ಗಂಟು ಬಿದ್ದದ್ದು ಮೊದಲ ದಿನದಿಂದಲೇ.

ಅಷ್ಟೊತ್ತಿಗೆ ಹೊರಗೆ ಎ, ಬಿ, ಸಿ ಪದ್ಧತಿ ಕುಸಿದಿತ್ತು. ಕಾರಣ ಸರಳ. 2,000 ಕಂಪ್ಯೂಟರ್ ಇರುವ ಕಾಲೇಜಿಗೆ ಕ್ಲಾಸ್ ಸಿ ಸಾಲಲ್ಲ, ಕ್ಲಾಸ್ ಬಿ ಕೊಟ್ಟರೆ 63 ಸಾವಿರ ವಿಳಾಸ ದಂಡ. ಎಲ್ಲರೂ ಬಿ ಕೇಳಿದರು, ಬಿ ಮುಗಿಯಾಕ ಬಂತು. 1993ರಲ್ಲಿ ವರ್ಗ ತೆಗೆದುಹಾಕಿ, ಬೇಕಾದ ಅಳತೆಗೆ ತುಂಡು ಮಾಡುವ ಪದ್ಧತಿ ತಂದರು. ಅದಕ್ಕೆ ಸಿಐಡಿಆರ್ ಅಂತಾರ. ಅದರ ವಿಸ್ತರಿಸಿದ ಹೆಸರಲ್ಲೇ "ವರ್ಗರಹಿತ" ಅನ್ನೋ ಪದ ಅದ. ಹೆಸರು ಕೇಳಿ ಖುಷಿ ಆಗ್ತದಲ್ಲ? ಆದ್ರ ಅಕ್ಷರದ ವರ್ಗ ಹೋದ ಜಾಗಕ್ಕೆ ವ್ಯಾಖ್ಯೆಯ ವರ್ಗ ಬಂದು ಕೂತವು.

*ವ್ಯಾಖ್ಯೆಯ ವರ್ಗಗಳು*

ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಸಂಸ್ಥೆ ಎಪಿನಿಕ್. 1993ರಲ್ಲಿ ಶುರುವಾಯ್ತು, ಈಗ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅದ. ಭಾರತಕ್ಕೆ 2012ರಿಂದ ಐಆರ್‌ಐಎನ್‌ಎನ್ ಅನ್ನೋ ರಾಷ್ಟ್ರೀಯ ನೋಂದಣಿ ವ್ಯವಸ್ಥೆ ಅದ, ಅದನ್ನ ನಡೆಸೋದು ನಿಕ್ಸಿ ಸಂಸ್ಥೆ. ಎಪಿನಿಕ್ ನೀತಿಯ ಆರಂಭದಲ್ಲೇ ವ್ಯಾಖ್ಯೆಗಳ ಭಾಗ ಅದ. ನಮ್ಮ ಕಾಯ್ದೆಯ 2ನೇ ಕಲಂ ಇದ್ದಂಗೇ. ಅದರಲ್ಲಿ ನಾಲ್ಕು ಮಾತು ನಾವು ತಿಳಕೊಳ್ಳಬೇಕು.

ಒಂದು, "ಅಲೊಕೇಟೆಡ್". ಇದು ಇಂಟರ್‌ನೆಟ್ ಕಂಪನಿಗಳಿಗೆ ಕೊಡುವ ವಿಳಾಸ. ಅವರು ಇದನ್ನ ಮುಂದೆ ಬ್ಯಾರೆಯವರಿಗೆ ಹಂಚಬಹುದು.

ಎರಡು, "ಅಸೈನ್ಡ್". ಇದು ಬಳಸುವವರಿಗೆ ಕೊಡುವ ವಿಳಾಸ. ಯಾವ ಕೆಲಸಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು, ಮುಂದೆ ಯಾರಿಗೂ ಹಂಚಂಗಿಲ್ಲ. ನಮ್ಮ ಹಿರಿಯರಿಗೆ ಊರ ಸೇವೆಗಂತ ಕೊಟ್ಟ ಚಾಕರಿ ಇನಾಮಿನ ಹೊಲ ನೆನಪಾಗ್ತದ. ಸೇವೆ ಇದ್ದಷ್ಟು ದಿನ ಹೊಲ.

ಮೂರು, "ಪೋರ್ಟೆಬಲ್" ಮತ್ತು "ನಾನ್ ಪೋರ್ಟೆಬಲ್". ಪೋರ್ಟೆಬಲ್ ಇದ್ದವನು ಇಂಟರ್‌ನೆಟ್ ಕಂಪನಿ ಬದಲಿಸಿದರೂ ವಿಳಾಸ ಜೊತೆಗೆ ಒಯ್ತಾನ. ನಾನ್ ಪೋರ್ಟೆಬಲ್ ಇದ್ದವನು ಬಿಟ್ಟು ಹೋಗಬೇಕು. ಮೊಬೈಲ್ ನಂಬರ್ ಜೊತೆಗೆ ಒಯ್ಯುವ ಹಕ್ಕು ನಮಗೆ 2011ರ ಜನವರಿಯಲ್ಲಿ ಸಿಕ್ಕಿತು. ಇಂಟರ್‌ನೆಟ್ ವಿಳಾಸದಲ್ಲಿ ಸಾಮಾನ್ಯ ಗ್ರಾಹಕನಿಗೆ ಆ ಹಕ್ಕು ಇಲ್ಲ, ಅವನು ಯಾವಾಗಲೂ ಬಾಡಿಗೆದಾರ.

ನಾಲ್ಕು, "ಐತಿಹಾಸಿಕ ಸಂಪನ್ಮೂಲ". ಈಗಿನ ನಿಯಮ, ಕರಾರು ಬರುವ ಮೊದಲೇ ತಗೊಂಡ ವಿಳಾಸಗಳಿಗೆ ಈ ಹೆಸರು. ಅಮೆರಿಕದ ಕಡೆ ಇದಕ್ಕೆ "ಲೆಗಸಿ" ಅಂತಾರ, ಅಂದ್ರ ಪಿತ್ರಾರ್ಜಿತ. ನಾನು ಮೊದಲು ಹೇಳಿದ ಜಾಗೀರು ಇದೇ.

ಬಾಯಿ ಮಾತಿನಲ್ಲಿ ಕೋಟಿಗಟ್ಟಲೆ ತಗೊಂಡವರಿಗೆ "ಐತಿಹಾಸಿಕ" ಅನ್ನೋ ಗೌರವದ ಹೆಸರು. ಆಮೇಲೆ ಬಂದವರಿಗೆ ದಾಖಲೆ ತಾ ಅನ್ನೋ ನಿಯಮ. 1996ರ ನಿಯಮದ ಪ್ರಕಾರ ಕೇಳಿದ ವಿಳಾಸದಲ್ಲಿ ನೂರಕ್ಕೆ 25 ಭಾಗ ಕೂಡಲೇ ಬಳಸ್ತೀನಿ, ಒಂದು ವರ್ಷದಲ್ಲಿ 50 ಭಾಗ ಬಳಸ್ತೀನಿ ಅಂತ ತೋರಿಸಬೇಕಿತ್ತು. ನಿಯಮ ತಪ್ಪಲ್ಲ, ಉಳಿದದ್ದನ್ನ ಜೋಪಾನ ಮಾಡಬೇಕಿತ್ತು. ಆದ್ರ ಈ ಲೆಕ್ಕ 1 ಕೋಟಿ 67 ಲಕ್ಷ ಇಟ್ಟುಕೊಂಡವರನ್ನ ಯಾರೂ ಕೇಳಲಿಲ್ಲ.

2011ರ ಫೆಬ್ರವರಿ 3ಕ್ಕೆ ಜಗತ್ತಿನ ಕೇಂದ್ರ ಉಗ್ರಾಣ ಖಾಲಿಯಾಯ್ತು. ಏಪ್ರಿಲ್ 15ಕ್ಕೆ ಎಪಿನಿಕ್ ತನ್ನ ಕಡೇ ತುಂಡಿಗೆ ಬಂತು. ಅವತ್ತಿನಿಂದ ಆ ಕಡೇ ತುಂಡಿನಲ್ಲಿ ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 1,024 ವಿಳಾಸ. 2019ರಲ್ಲಿ ಅದನ್ನ 512ಕ್ಕೆ ಇಳಿಸಿದರು. ಅದೇ 2011ರಲ್ಲಿ ದಿವಾಳಿಯಾದ ನಾರ್ಟೆಲ್ ಕಂಪನಿ ತನ್ನ ಹತ್ರ ಇದ್ದ 6 ಲಕ್ಷ 66 ಸಾವಿರ ವಿಳಾಸವನ್ನ ಮೈಕ್ರೋಸಾಫ್ಟ್‌ಗೆ 75 ಲಕ್ಷ ಡಾಲರಿಗೆ ಮಾರಿತು. 2017ರಲ್ಲಿ ಎಂಐಟಿ ತನ್ನ ಪಾಲಿನ ಸುಮಾರು 80 ಲಕ್ಷ ವಿಳಾಸ ಮಾರಾಕ ತೆಗೀತು, ಅಮೆಜಾನ್ ಕೊಂಡಿತು. ಪುಕ್ಕಟೆ ಬಂದದ್ದು ರೊಕ್ಕ ಆಯ್ತು.

ಇಡೀ ಭಾರತದ ಹೆಸರಿನಲ್ಲಿ ಇರುವ ಐಪಿವಿ4 ವಿಳಾಸ ನಾಲ್ಕು ಕೋಟಿ ಆಸುಪಾಸು. ಅಂದ್ರ ಎರಡೂವರೆ ಕ್ಲಾಸ್ ಎ ಕೂಡ ಆಗಲ್ಲ. ಇಂಟರ್‌ನೆಟ್ ಸಂಪರ್ಕಗಳೋ ತೊಂಬತ್ತು ಕೋಟಿ ದಾಟ್ಯಾವ.

*ಅಂಬೇಡ್ಕರ್ ಓಣಿ, 5ನೇ ಮನಿ*

ಹಂಗಾದ್ರ ತೊಂಬತ್ತು ಕೋಟಿ ಸಂಪರ್ಕ ನಡೀತಿರೋದು ಹೆಂಗ? ಇಲ್ಲಿ ಇನ್ನೊಂದು ವರ್ಗ ಬರ್ತದ, "ಖಾಸಗಿ ವಿಳಾಸ". 1996ರ ಫೆಬ್ರವರಿಯಲ್ಲಿ ಮೂರು ಸಾಲು ವಿಳಾಸಗಳನ್ನ ಇದಕ್ಕಂತ ಎತ್ತಿಟ್ಟರು: 10ರಿಂದ ಶುರುವಾಗುವವು, 172.16ರಿಂದ 172.31ರ ತನಕ, ಮತ್ತು 192.168ರಿಂದ ಶುರುವಾಗುವವು. ಇವನ್ನ ಯಾರು ಬೇಕಾದರೂ, ಯಾರನ್ನೂ ಕೇಳದೆ ಬಳಸಬಹುದು. ಆದ್ರ ಹೊರಗಿನ ಇಂಟರ್‌ನೆಟ್‌ನಲ್ಲಿ ಇವು ನಡೆಯಲ್ಲ.

ಅರ್ಥ ಆಗಬೇಕಂದ್ರ ಹಿಂಗ ನೋಡ್ರಿ. ನಮ್ಮ ಎಷ್ಟೋ ಊರುಗಳಲ್ಲಿ ಒಂದು ಅಂಬೇಡ್ಕರ್ ಓಣಿ ಅದ. ಲಕೋಟೆ ಮೇಲೆ ಬರೇ "ಅಂಬೇಡ್ಕರ್ ಓಣಿ, 5ನೇ ಮನಿ" ಅಂತ ಬರೆದು ಡಬ್ಬಿಗೆ ಹಾಕಿದರೆ ಅದು ಆಳಂದಕ್ಕೂ ಮುಟ್ಟಲ್ಲ, ಜೇವರ್ಗಿಗೂ ಮುಟ್ಟಲ್ಲ. ಓಣಿ ಒಳಗೆ ಮಾತ್ರ ಆ ಗುರುತು ನಡೀತದ. ಖಾಸಗಿ ವಿಳಾಸ ಅಂದ್ರ ಅದು. ಹೊರಗಿನ ಪತ್ರ ಬರಬೇಕಂದ್ರ ಓಣಿ ಬಾಯಿಗೆ ನಿಂತ ಒಬ್ಬ ಎಲ್ಲರ ಪತ್ರ ತನ್ನ ಹೆಸರಿಗೆ ತರಿಸಿಕೊಂಡು ಒಳಗೆ ಹಂಚಬೇಕು. ಇಂಟರ್‌ನೆಟ್‌ನಲ್ಲಿ ಆ ಕೆಲಸ ಮಾಡೋ ಯಂತ್ರಕ್ಕೆ ನ್ಯಾಟ್ ಅಂತಾರ.

ಮನೆಯೊಳಗೆ, ಕಚೇರಿಯೊಳಗೆ ಇದು ಇದ್ದರೆ ಚಿಂತಿಲ್ಲ. ಆದ್ರ ವಿಳಾಸ ಖಾಲಿಯಾದ ಮೇಲೆ ಕಂಪನಿಗಳು ಊರಿಗೂರೇ ಒಂದು ನ್ಯಾಟ್ ಹಿಂದೆ ಇಟ್ಟವು. 2012ರ ಏಪ್ರಿಲ್‌ನಲ್ಲಿ ಇದಕ್ಕಂತಲೇ 100.64ರಿಂದ 100.127ರ ತನಕ ಸುಮಾರು 42 ಲಕ್ಷ ವಿಳಾಸದ ಹೊಸ ವರ್ಗ ಮಾಡಿದರು. ಅದರ ಹೆಸರು "ಹಂಚಿಕೊಂಡ ವಿಳಾಸ". ಯಾರ ಜೊತೆ ಹಂಚಿಕೊಂಡೀವಿ ಅಂತ ನಮಗೆ ಗೊತ್ತಿರಲ್ಲ, ನಮ್ಮನ್ನ ಯಾರೂ ಕೇಳಿಯೂ ಇಲ್ಲ.

ಇದರಿಂದ ಏನು ತೊಂದರೆ ಅಂತೀರಿ? ಮೂರು ಅವ.

ಮೊದಲನೆಯದು, ಒಬ್ಬ ಮಾಡಿದ್ದಕ್ಕೆ ಎಲ್ಲರಿಗೂ ಬಾಗಿಲು ಬಂದ್. ಅದೇ ವಿಳಾಸದ ಹಿಂದಿನ ಯಾರೋ ಒಬ್ಬ ಕಿತಾಪತಿ ಮಾಡಿದರೆ ವೆಬ್‌ಸೈಟು ಆ ವಿಳಾಸವನ್ನೇ ತಡೀತದ. ಸ್ಕಾಲರ್‌ಶಿಪ್ ಅರ್ಜಿಯ ಕಡೇ ದಿನ ಹಾಸ್ಟೆಲಿನ ನೂರು ಹುಡುಗರು ಒಂದೇ ವಿಳಾಸದಿಂದ ಬಡಿದರೆ, ಆಚೆ ಕಡೆಯ ಯಂತ್ರಕ್ಕೆ ಅದು ಒಬ್ಬನೇ ನೂರು ಸಲ ಬಡಿದಂಗ ಕಾಣಬಹುದು.

ಎರಡನೆಯದು, ನಾವು ನೋಡುವವರಾಗಿಯೇ ಉಳೀತೀವಿ. ಸ್ವಂತ ವಿಳಾಸ ಇದ್ದವನು ಮನೆಯಲ್ಲೇ ಒಂದು ಹಳೆ ಕಂಪ್ಯೂಟರ್ ಇಟ್ಟು ಚಳವಳಿಯ ಫೋಟೊ, ಹಾಡು, ಹಳೆ ಕರಪತ್ರಗಳ ಸಂಗ್ರಹ ಜಗತ್ತಿಗೆ ತೆರೆಯಬಹುದು. ನ್ಯಾಟ್ ಹಿಂದಿನವನ ಬಾಗಿಲಿಗೆ ಹೊರಗಿನವರು ಸುಲಭಕ್ಕೆ ಬರಾಕ ಆಗಲ್ಲ. ಸ್ವಂತ ಸ್ಥಿರ ವಿಳಾಸ ಬೇಕಂದ್ರ ಹೆಚ್ಚಾಗಿ ಬ್ಯಾರೆ ರೊಕ್ಕ ಕಟ್ಟಬೇಕು, ಇಲ್ಲಾ ದೊಡ್ಡ ಕಂಪನಿಯ ಜಗಲಿ ಮೇಲೆ ಕೂಡಬೇಕು, ಈಗ ನಾನು ಈ ಪೋಸ್ಟ್ ಹಾಕಿದಂಗ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಪೊಲೀಸರು ಆನ್‌ಲೈನ್ ಪ್ರಕರಣದಲ್ಲಿ ಮೊದಲು ಕೇಳೋದು ಐಪಿ ವಿಳಾಸ. 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರ ಅವಮಾನ ಆಯ್ತು ಅಂತ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಐಟಿ ಉದ್ಯೋಗಿಯನ್ನ ಒಯ್ದರು. 50 ದಿನ ಜೈಲಿನಲ್ಲಿದ್ದ. ಆಮೇಲೆ ನೋಡಿದರೆ ವಿಳಾಸ ಯಾರದು ಅಂತ ಕೊಟ್ಟ ಮಾಹಿತಿಯೇ ತಪ್ಪಿತ್ತು. ಇನ್ನು ಒಂದೇ ವಿಳಾಸದ ಹಿಂದೆ ನೂರಾರು ಮಂದಿ ಇರುವ ಕಾಲದಲ್ಲಿ ಬರೇ ವಿಳಾಸದಿಂದ ಮನುಷ್ಯ ಸಿಗಲ್ಲ. ನಿಖರ ಸಮಯ ಬೇಕು, ಜೊತೆಗೆ "ಪೋರ್ಟ್ ಸಂಖ್ಯೆ" ಬೇಕು. ಒಂದು ವಾಟ್ಸಾಪ್ ಸ್ಟೇಟಸ್, ಒಂದು ಫೇಸ್‌ಬುಕ್ ಪೋಸ್ಟ್ ನೆಪ ಮಾಡಿಕೊಂಡು ನಮ್ಮ ಕೇರಿ ಹುಡುಗರನ್ನ ಠಾಣೆಗೆ ಕರೆಸುವ ದಿನಗಳಿವು. ವಕೀಲರು, ಸಂಘಟನೆಯವರು "ಪೋರ್ಟ್ ಸಂಖ್ಯೆ ಎಲ್ಲಿದೆ, ಸಮಯ ಯಾವುದು" ಅಂತ ಕೇಳೋದನ್ನ ಕಲೀಬೇಕು.

*ಹೊಸ ಬಡಾವಣೆ*

ಐಪಿವಿ6 ಅನ್ನೋ ಹೊಸ ನಮೂನೆಯ ನಿಯಮ 1998ರಲ್ಲೇ ಬಂದಿತ್ತು. ಅದರಲ್ಲಿ ವಿಳಾಸಗಳ ಸಂಖ್ಯೆ 39 ಅಂಕಿ ಉದ್ದ. ಜಗತ್ತಿನ ಪ್ರತಿ ಮನೆಗೂ, ಪ್ರತಿ ಬಲ್ಬಿಗೂ ಕೊಟ್ಟರೂ ಮುಗಿಯಲ್ಲ. ಭಾರತದ ದೂರಸಂಪರ್ಕ ಇಲಾಖೆ 2010ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. ಗಡುವು ಕೊಟ್ಟರು, ಮುಂದೂಡಿದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ತನ್ನ ಜಾಲವನ್ನ ಐಪಿವಿ6 ಮೇಲೆ ಕಟ್ಟಿದ ಮೇಲೆ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಒಂದಾಯ್ತು.

ಜಾಗ ಸಾಕಷ್ಟಿದ್ದರೂ ವ್ಯಾಖ್ಯೆಯ ಕೆಲಸ ನಿಲ್ಲಲಿಲ್ಲ. 2002ರ ನೀತಿಯಲ್ಲಿ ಐಪಿವಿ6 ಬೇಕಂದ ಕಂಪನಿ ಎರಡು ವರ್ಷದಲ್ಲಿ 200 ಗ್ರಾಹಕರಿಗೆ ಹಂಚುವ ಯೋಜನೆ ತೋರಿಸಬೇಕಿತ್ತು. ಸಣ್ಣವರು ಹೊರಗೆ ಉಳಿದರು. ಟೀಕೆ ಬಂತು, ಮುಂದೆ ಆ ನಿಯಮ ಸಡಿಲಾಯ್ತು. ವ್ಯಾಖ್ಯೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಕೇಳಿದವರಿದ್ದರೆ ಬದಲಾಗ್ತದ ಅನ್ನೋದಕ್ಕೆ ಇದೊಂದು ಸಾಕ್ಷಿ. ಒಯ್ಯಲು ಬರುವ, ಒಯ್ಯಲು ಬಾರದ ವಿಳಾಸ ಅನ್ನೋ ಭೇದ ಹೊಸ ಬಡಾವಣೆಯಲ್ಲೂ ಹಂಗೇ ಅದ. ಎಷ್ಟು ಜಾಗ ಇದ್ದರೂ ಹಕ್ಕುಪತ್ರ ಯಾರ ಹೆಸರಿಗೆ ಅನ್ನೋ ಪ್ರಶ್ನೆ ಉಳೀತದ.

2023ರ ಜನವರಿ 19ಕ್ಕೆ ನಮ್ಮ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಆ ಮನಿಗಳು ಅವತ್ತು ಹುಟ್ಟಿದವಲ್ಲ, ತಲೆಮಾರಿನಿಂದ ಇದ್ದವು. "ದಾಖಲೆ ರಹಿತ ಜನವಸತಿ" ಅನ್ನೋದಕ್ಕೆ ಕಾನೂನಿನಲ್ಲಿ ಜಾಗ ಸಿಗೋ ತನಕ ಅವು ಕಾಗದದಲ್ಲಿ ಇರಲಿಲ್ಲ, ಅಷ್ಟೇ. ಕೊಟ್ಟವರ ಹೆಸರು ಹೇಳಿ ಚಪ್ಪಾಳೆ ಹೊಡೆಯೋ ಮೊದಲು, ಆ ಪದವನ್ನ ಕಾನೂನಿನೊಳಗೆ ತರಾಕ ಎಷ್ಟು ವರ್ಷ ಜನ ಅರ್ಜಿ ಹಿಡಿದು ಓಡಾಡಿದ್ರು ಅನ್ನೋದನ್ನ ನೆನಸಬೇಕು.

ಎಪಿನಿಕ್ ನೀತಿ ಬದಲಿಸುವ ಸಭೆ ವರ್ಷಕ್ಕೆ ಎರಡು ಸಲ ಆಗ್ತದ. ಸದಸ್ಯರೇ ಆಗಬೇಕಂತಿಲ್ಲ, ಯಾರು ಬೇಕಾದರೂ ತಿದ್ದುಪಡಿ ಪ್ರಸ್ತಾವ ಕೊಡಬಹುದು, ಕೂತಲ್ಲಿಂದಲೇ ಮಾತಾಡಬಹುದು. ಒಮ್ಮತ ಆದರೆ ಅದು ನಿಯಮ. ಬಾಗಿಲು ತೆರೆದೇ ಅದ, ಆದ್ರ ಭಾಷೆ ಇಂಗ್ಲಿಷು, ಮಾತು ತಾಂತ್ರಿಕ. ಹಿಂಗಾಗಿ ನಮ್ಮವರು ಆ ಕಡಿ ಮುಖ ಹಾಕಲ್ಲ.

ನಮ್ಮ ಮೂರು ತಾಲೂಕಿನ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ. ಇವತ್ತೇ ನಿಮ್ಮ ಮೊಬೈಲಿನ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ತೆಗೆದು ನೋಡ್ರಿ. 10, 192.168 ಅಥವಾ 100.64ರ ಸಾಲಿನಿಂದ ಶುರುವಾದರೆ ನೀವು ಓಣಿ ವಿಳಾಸದವರು. ಅಂಕಿ ಅಕ್ಷರ ಕೂಡಿ 2ರಿಂದ ಶುರುವಾಗುವ ಉದ್ದನೆ ಸಾಲೂ ಕಂಡರೆ ಅದು ಐಪಿವಿ6. ಆಮೇಲೆ ಎಪಿನಿಕ್ ನೀತಿಯ ವ್ಯಾಖ್ಯೆಗಳ ಪುಟ ಒಂದನ್ನಾದರೂ ಓದ್ರಿ, ಅದನ್ನ ಕನ್ನಡಕ್ಕೆ ಮಾಡ್ರಿ. ತಪ್ಪು ಆದರೂ ಅಡ್ಡಿಯಿಲ್ಲ, ಕೂಡಿ ತಿದ್ದೋಣ. ವಕೀಲ ಗೆಳೆಯರು ಪೋರ್ಟ್ ಸಂಖ್ಯೆಯ ವಿಷಯದ ಮೇಲೆ ಕಲಬುರಗಿಯಲ್ಲಿ ಒಂದು ದಿನದ ತರಬೇತಿ ಮಾಡೋದಾದರೆ ಕುರ್ಚಿ ಹಾಕಾಕ, ಚಹಾ ತರಾಕ ನಾನು ತಯಾರ್.

ಬಾಬಾಸಾಹೇಬರು ಕಲಿಯಿರಿ ಅಂದಾಗ ಪಾಸಾಗುವ ಓದು ಒಂದೇ ಅವರ ಮನಸ್ಸಿನಲ್ಲಿ ಇರಲಿಲ್ಲ. ಕಾನೂನಿನ ಒಂದೊಂದು ಪದ ಹಿಡಿದು ಕೇಳುವ ಓದು ಅದು. ಗೊತ್ತಿದ್ದವರು ಕೆಳಗೆ ಬರೀರಿ, ಗೊತ್ತಿಲ್ಲದವರು ಕೇಳ್ರಿ.

ಜೈ ಭೀಮ್. ಜೈ ಸಂವಿಧಾನ.